ಪೈಲಟ್ ವಿಲಿಯಂನ ಅಳಿಯ

ಅನನ್ಯಾ, ಈ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಹಳೆಯ ಕಾಗದಪತ್ರಗಳ ಕಚೇರಿಯೊಂದರಲ್ಲಿ ನಿನಗೆ ಕೆಲಸ ಸಿಕ್ಕಿದೆ ಎಂದು ತಿಳಿದ ದಿನ, ಊಟ ಮಾಡುತ್ತಾ ನೀನು ನನ್ನನ್ನು ಒಂದು ಮಾತು ಕೇಳಿದೆ.

"ಅಜ್ಜಿ, ಬಾರ್ಬರಾ ಬೇಸ್‌ಮೆಂಟ್‌ನಲ್ಲಿ ನೀನು ಎಕ್ಸಾಕ್ಟ್ಲಿ ಏನ್ ಮಾಡ್ತಿದ್ದೆ?"

"ಓದ್ತಿದ್ದೆ ಕಣೆ" ಎಂದೆ.

ನಕುಲ ನಕ್ಕುಬಿಟ್ಟ. "ಫೋರ್ ಇಯರ್ಸ್ ಬರೀ ರೀಡಿಂಗಾ ಅಜ್ಜಿ?"

ಹೌದು, ಬರೀ ಓದುವುದೇ. ಆದರೆ ಅದರ ಬಗ್ಗೆ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ಮೂರು ಜನ ಇದ್ದರೆ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗಿಬ್ಬರಿಗೂ ಕನ್ನಡ ಓದಲು ಬರುವುದಿಲ್ಲ, ನಿಮ್ಮಮ್ಮ ಓದಿ ಹೇಳುತ್ತಾಳೆ. ಹಾಗಾಗಿ ಇದನ್ನು ಮೊದಲು ಓದುವವಳು ಅವಳೇ. ಅದು ಬರೆಯುವಾಗಲೂ ನನ್ನ ಗಮನದಲ್ಲಿದೆ.

ನಿಮ್ಮಮ್ಮ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ ಎಂಬುದು ನಿಮಗೆ ತಿಳಿದ ವಿಷಯವೇ. ಅವಳ ತಾಯಿ ತೀರಿಕೊಂಡ ಎರಡು ವರ್ಷಕ್ಕೆ ನಿಮ್ಮ ತಾತ ನನ್ನನ್ನು ಮದುವೆಯಾದರು. ಆಗ ಅವಳಿಗೆ ಆರು ವರ್ಷ. ಹಸೆಮಣೆಯಿಂದ ಏಳುವಾಗ ಅವಳ ಸೋದರತ್ತೆ ಅವಳ ಭುಜ ಹಿಡಿದು ನನ್ನ ಮುಂದೆ ನಿಲ್ಲಿಸಿ, "ಇವರನ್ನ ಚಿಕ್ಕಮ್ಮ ಅನ್ನಬೇಕು, ತಿಳೀತಾ?" ಎಂದರು. ಮಗು ತಲೆಯಾಡಿಸಿತು. ಅಂದಿನಿಂದ ನಾನು ಚಿಕ್ಕಮ್ಮ. ನಮ್ಮ ಕಡೆ ತಾಯಿಯ ತಂಗಿಯೂ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ, ಅಪ್ಪ ಎರಡನೆಯದಾಗಿ ಕೈಹಿಡಿದವಳೂ ಚಿಕ್ಕಮ್ಮ. ನಾನು ಮೂರನೆಯ ಬಗೆಯವಳು. ಹೊರಗಿನವರ ಎದುರು ಅವಳು ನನ್ನನ್ನು ಹಾಗೆ ಕರೆದಾಗ, ಇವರು ಯಾವ ಬಗೆಯೆಂದು ತಿಳಿದುಕೊಂಡರೋ ಎಂದು ನನ್ನ ಮನಸ್ಸು ಒಂದು ಕ್ಷಣ ಅಳುಕುತ್ತಿತ್ತು. ಬೇರೆ ಹೆಸರಿನಿಂದ ಕರೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳುವಂಥದ್ದೂ ಅಲ್ಲ.

ಕೆಲಸದ ಕಥೆಯಲ್ಲಿ ಇದೇಕೆ ಎಂದರೆ, ಆ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪಿಗೂ ಇದಕ್ಕೂ ಸಂಬಂಧವಿದೆ. ಅಲ್ಲಿಗೆ ಬರುತ್ತೇನೆ.

ತಾತ ಹೋದ ಮೇಲೆ, 2020ರ ಮೊದಲಲ್ಲಿ ನಾನು ಇಲ್ಲಿಗೇ ಬಂದುಬಿಟ್ಟೆ. ಫೇರ್‌ಫ್ಯಾಕ್ಸ್‌ನ ಈ ಬೀದಿ ಆಗ ನನಗೆ ಹೊಸದು. ಬಂದ ಎರಡು ತಿಂಗಳಿಗೆ ಎಲ್ಲ ಮುಚ್ಚಿತು. ನಿಮ್ಮಮ್ಮ ಮೇಲಿನ ಕೋಣೆಯಲ್ಲಿ, ಅಪ್ಪ ಕೆಳಗೆ, ನೀವಿಬ್ಬರೂ ಒಂದೊಂದು ಮೂಲೆಯಲ್ಲಿ ಕಂಪ್ಯೂಟರಿಗೆ ಮಾತಾಡುತ್ತಿದ್ದಿರಿ. ಸಾರಿಗೆ ಒಗ್ಗರಣೆ ಹಾಕಿದರೆ ಅದರ ಸದ್ದು ಯಾರದೋ ಮೀಟಿಂಗಿನಲ್ಲಿ ಕೇಳಿಸುತ್ತಿತ್ತು. ನಾನು ಮಾಸ್ಕ್ ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ.

ಎದುರು ಮನೆಯ ಬಾರ್ಬರಾ ತಮ್ಮ ಡ್ರೈವ್‌ವೇನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಒಂದು ಕಾಗದ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅವರ ಕಣ್ಣಿನ ಪೊರೆಯ ಆಪರೇಷನ್ ಆಸ್ಪತ್ರೆ ಮುಚ್ಚಿದ್ದರಿಂದ ಮುಂದಕ್ಕೆ ಹೋಗಿತ್ತು. ನಾನು ದಾಟಿ ಹೋಗುವಾಗ ಕಾಗದವನ್ನು ದೂರದಿಂದಲೇ ನನ್ನ ಕಡೆ ತಿರುಗಿಸಿ, "ಇದು ಏನಂತ ಕಾಣ್ಸುತ್ತೆ ನಿಮಗೆ?" ಎಂದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನನಗೆ ಡ್ರಮ್ಮರ್ ಅಂತ ಕಾಣ್ತಿದೆ. ಡೋಲು ಬಡಿಯೋನು."

ಇಂಗ್ಲಿಷ್ ಅಕ್ಷರಗಳನ್ನು ಒಂದಕ್ಕೊಂದು ಹೆಣೆದು ಕೂಡಕ್ಷರದಲ್ಲಿ ಬರೆದ ಕಂದು ಶಾಯಿಯ ಸಾಲು. ನನಗೆ ಇಂಗ್ಲಿಷ್ ಮಾತು ಆಗಲೂ ಅಷ್ಟಕ್ಕಷ್ಟೆ. ಪದ ಯಾವುದೆಂದು ಹೊಳೆಯಲಿಲ್ಲ. ಅಕ್ಷರಗಳನ್ನು ಒಂದೊಂದಾಗಿ ಹೇಳಿದೆ: ಡಿ, ಆರ್, ಓ, ಡಬ್ಲ್ಯೂ, ಎನ್, ಡಿ.

ಅವರು ಕಾಗದವನ್ನು ಮಡಿಲ ಮೇಲೆ ಇಟ್ಟುಕೊಂಡರು. "ಅಯ್ಯೋ. ಡೋಲಿನವನಲ್ಲ. ಮುಳುಗಿ ಸತ್ತವನು" ಎಂದರು.

ಕೆಲಸಕ್ಕೆ ನನ್ನ ಸಂದರ್ಶನವೆಂದರೆ ಅಷ್ಟೇ.

ಈ ವಿದ್ಯೆ ನನಗೆ ಬಂದದ್ದು ತುರುವೇಕೆರೆ ಕಡೆಯ ನಮ್ಮ ಊರಿನ ಶಾಲೆಯಿಂದ. ನಾನು ಓದಿದ್ದು ಏಳನೇ ಕ್ಲಾಸು. ಐದರಲ್ಲಿ ಇಂಗ್ಲಿಷ್ ಶುರು. ನಮ್ಮ ಮೇಷ್ಟರಿಗೆ ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ, ಆದರೆ ಅಕ್ಷರ ಮುತ್ತಿನಂತಿತ್ತು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ನಿಬ್ಬಿನ ಪೆನ್ನಿನಿಂದ ಬರೆಸುತ್ತಿದ್ದರು. ಎಮ್‌ಗೆ ಮೂರು ಗುಡ್ಡ, ಎನ್‌ಗೆ ಎರಡು, ಯು ತಲೆಕೆಳಗಾದ ಎನ್ನು. ಅರ್ಥ ಕೇಳಿದರೆ "ಅದು ಹೈಸ್ಕೂಲಿನಲ್ಲಿ" ಎನ್ನುತ್ತಿದ್ದರು. ನಾನು ಹೈಸ್ಕೂಲಿಗೆ ಹೋಗಲೇ ಇಲ್ಲ. ಹಾಗಾಗಿ ನನ್ನ ಪಾಲಿಗೆ ಇಂಗ್ಲಿಷ್ ಎಂದರೆ ಗುಡ್ಡ ಮತ್ತು ಕೊಕ್ಕೆಗಳ ಸಾಲಾಗಿಯೇ ಉಳಿಯಿತು. ನಿಮಗೆ ಶಾಲೆಯಲ್ಲಿ ಕೂಡಕ್ಷರ ಕಲಿಸಲೇ ಇಲ್ಲವಲ್ಲ. ನಾನು ಬರೆದುಕೊಟ್ಟ ಅಂಗಡಿಯ ಚೀಟಿಯನ್ನು ನಕುಲ ತಲೆಕೆಳಗು ಹಿಡಿದುಕೊಂಡು ಬಂದಿದ್ದು ನನಗೆ ಮರೆತಿಲ್ಲ.

ಬಾರ್ಬರಾ ಮಾಡುತ್ತಿದ್ದ ಕೆಲಸವೆಂದರೆ ಜನರ ಮನೆತನದ ಬೇರು ಹುಡುಕಿಕೊಡುವುದು. ಅದರಲ್ಲೂ ಇಂಗ್ಲೆಂಡಿನ ಸಮುದ್ರದಂಡೆಯ ಒಂದೇ ಒಂದು ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚು ಮತ್ತು ಅದರ ಲೆಕ್ಕಕ್ಕೆ ಬರುವ ಊರು. ಅಲ್ಲಿನ ಬೆಸ್ತರು, ದೋಣಿಯವರು, ಹಗ್ಗ ಹೊಸೆಯುವವರು ಹಿಂದೆ ಹಡಗು ಹತ್ತಿ ವರ್ಜೀನಿಯಾಕ್ಕೂ ಕರೋಲಿನಾಕ್ಕೂ ಬಂದಿದ್ದರು. ಅವರ ಮರಿಮಕ್ಕಳ ಮರಿಮಕ್ಕಳು ಈಗ ಬಾರ್ಬರಾಗೆ ಕಾಗದ ಬರೆದು, ನಾವು ಯಾರು ಎಂದು ಕೇಳುತ್ತಿದ್ದರು. ಹುಟ್ಟಿದ ಮಗುವಿಗೆ ಹೆಸರಿಟ್ಟದ್ದು, ಮದುವೆ, ಹೂಳಿದ್ದು, ಮೂರನ್ನೂ ಪಾದ್ರಿ ಒಂದು ದಫ್ತರದಲ್ಲಿ ಬರೆದಿಡುತ್ತಿದ್ದರು. ಆ ಹಾಳೆಗಳ ಚಿತ್ರ ತರಿಸಿ, ದೊಡ್ಡದಾಗಿ ಅಚ್ಚು ಹಾಕಿ, ಬೇಸ್‌ಮೆಂಟಿನಲ್ಲಿದ್ದ ಪಿಂಗ್‌ಪಾಂಗ್ ಮೇಜಿನ ಮೇಲೆ ಹರಡುತ್ತಿದ್ದೆವು. ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ಮಧ್ಯೆ ನೆಟ್ಟು. ಹಿತ್ತಲ ಬಾಗಿಲು ಚಳಿಯಲ್ಲೂ ತೆರೆದೇ ಇರುತ್ತಿತ್ತು. ನಾನು ಸ್ವೆಟರಿನ ಮೇಲೆ ನಿಮ್ಮ ತಾತನ ಶಾಲು ಹೊದ್ದು ಕೂರುತ್ತಿದ್ದೆ.

ಬಾರ್ಬರಾ ಮೇಡಂ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಮೇಡಂ ಅಂದ್ರೆ ನಮ್ಮಮ್ಮ ಹಿಂದೆ ನಿಂತಿದ್ದಾರೇನೋ ಅಂತ ತಿರುಗಿ ನೋಡ್ತೀನಿ" ಎನ್ನುತ್ತಿದ್ದರು. ಎಂಟು ತಿಂಗಳಾದ ಮೇಲೆ ನನ್ನ ಬಾಯಲ್ಲಿ ಬರೀ ಬಾರ್ಬರಾ ಎಂದು ಬಂತು. ಅವತ್ತು ಅವರು ನೆಟ್ಟಿನಾಚೆಯಿಂದ ಚಪ್ಪಾಳೆ ತಟ್ಟಿದರು.

ಅವರ ಮೊದಲ ನಿಯಮವನ್ನು ನೀನೂ ಬರೆದಿಟ್ಟುಕೋ, ಅನನ್ಯಾ. ಪದವನ್ನು ಕೊನೆಯ ಅಕ್ಷರದವರೆಗೂ ಓದು. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಮೊದಲ ಮೂರು ಅಕ್ಷರ ನೋಡಿ ಉಳಿದದ್ದನ್ನು ಮನಸ್ಸಿನಿಂದ ತುಂಬಿಕೊಳ್ಳುತ್ತಾರೆ. ನನಗೆ ತುಂಬಿಕೊಳ್ಳಲು ಮನಸ್ಸಿನಲ್ಲಿ ಏನೂ ಇರಲಿಲ್ಲ. "ನಿಮಗೆ ಊಹೆ ಮಾಡೋಕೆ ಬರಲ್ಲ, ಅದೇ ನಿಮ್ಮ ದೊಡ್ಡಸ್ತಿಕೆ" ಎಂದು ಬಾರ್ಬರಾ ಹೇಳಿದ್ದರು. ಅದು ಹೊಗಳಿಕೆಯೋ ತಮಾಷೆಯೋ ಎಂದು ಮನೆಗೆ ಬಂದು ನಿಮ್ಮಮ್ಮನನ್ನು ಕೇಳಿದೆ. "ಎರಡೂ, ಚಿಕ್ಕಮ್ಮ" ಎಂದಳು.

ಹಾಗೆಂದು ತಪ್ಪು ಮಾಡಲಿಲ್ಲವೆಂದಲ್ಲ. ಮೊದಲ ತಿಂಗಳಲ್ಲೇ ಒಂದು ಊರಿನ ಜನರ ಪಟ್ಟಿ ಬರೆದುಕೊಟ್ಟೆ. ಬಾರ್ಬರಾ ನೋಡುತ್ತಾ ನೋಡುತ್ತಾ ಮೇಜಿಗೆ ತಲೆ ಇಟ್ಟು ನಗತೊಡಗಿದರು. ನನ್ನ ಪಟ್ಟಿಯ ಪ್ರಕಾರ ಆ ಬೀದಿಯ ಮುಕ್ಕಾಲು ಪಾಲು ಜನ "ಡೂ" ಎಂಬ ಮನೆತನದವರು. ಡೂ ಮನೆಯ ಬೆಸ್ತ, ಡೂ ಮನೆಯ ವಿಧವೆ, ಡೂ ಮನೆಯ ಐದು ಮಕ್ಕಳು. ಮೇಲಿನ ಸಾಲಿನಲ್ಲಿ ಇದ್ದದ್ದೇ ಇಲ್ಲೂ ಎನ್ನುವುದಕ್ಕೆ ಅವರು ಡಿ, ಓ ಎಂದು ಬರೆಯುವುದು ರೂಢಿಯಂತೆ. ನಾನು ಕಾಗದದಲ್ಲಿ ಇದ್ದದ್ದನ್ನೇ ಬರೆದಿದ್ದೆ. ಮುಂದೆ ಯಾವ ಕಷ್ಟದ ಗಿರಾಕಿ ಬಂದರೂ ಬಾರ್ಬರಾ, "ಇವರು ಡೂ ಮನೆಯವರೇ ಇರಬೇಕು" ಎನ್ನುತ್ತಿದ್ದರು.

ಇನ್ನೊಂದು ಸಲ ನಾನು ಗೆದ್ದೆ. ಅಟ್ಲಾಂಟಾದ ಒಬ್ಬ ಗಿರಾಕಿಗೆ ಅವರ ಹಿರಿಯರೊಬ್ಬರ ವಿಷಯದಲ್ಲಿ ಬಹಳ ನಾಚಿಕೆಯಾಗಿತ್ತು. ಏಪ್ರಿಲಿನಲ್ಲಿ ತಾಯಿತಂದೆಯ ಮದುವೆ, ಅದೇ ವರ್ಷದ ಫೆಬ್ರವರಿಯಲ್ಲೇ ಮಗುವಿಗೆ ಹೆಸರಿಟ್ಟಿದ್ದಾರೆ. ಅಂದರೆ ಮದುವೆಗೆ ಮೊದಲೇ ಮಗು ಎಂದು ಅವರು ತಿಳಿದಿದ್ದರು. ಬಾರ್ಬರಾ ನನಗೆ ನಿಧಾನವಾಗಿ ವಿವರಿಸಲು ಕೂತರು: ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ವರ್ಷ ಜನವರಿಗೆ ಬದಲಾಗುತ್ತಿರಲಿಲ್ಲ, ಮಾರ್ಚ್ ಇಪ್ಪತ್ತೈದಕ್ಕೆ ಬದಲಾಗುತ್ತಿತ್ತು, ಇದು ಎಲ್ಲರಿಗೂ ಗೊಂದಲ. ನನಗೆ ಯಾವ ಗೊಂದಲವೂ ಆಗಲಿಲ್ಲ. "ಯುಗಾದಿ" ಎಂದೆ. ಯುಗಾದಿಗೆ ಹೊಸ ವರ್ಷ ಬಂದರೆ ಫೆಬ್ರವರಿ ವರ್ಷದ ಬಾಲಕ್ಕೆ ಬೀಳುತ್ತದೆ. ಏಪ್ರಿಲಿನಲ್ಲಿ ಮದುವೆ, ಹತ್ತು ತಿಂಗಳು ಕಳೆದು ಫೆಬ್ರವರಿಯಲ್ಲಿ ಮಗು, ಎಲ್ಲ ಸರಿಯಾಗಿಯೇ ಇದೆ. ಮುಂದಿನ ಮಾರ್ಚ್ ಇಪ್ಪತ್ತೈದಕ್ಕೆ ನಾನು ಒಬ್ಬಟ್ಟು ಮಾಡಿಕೊಂಡು ಹೋಗಿ ಪಿಂಗ್‌ಪಾಂಗ್ ಮೇಜಿನ ಮೇಲಿಟ್ಟೆ. ಬೇವಿನ ಪುಡಿ ಬೆರೆಸಿದ ಬೆಲ್ಲವನ್ನೂ ಕೊಟ್ಟೆ. ಬಾರ್ಬರಾ ಮುಖ ಕಿವುಚಿಕೊಂಡು ನುಂಗಿ, "ಈಗ ಒಳ್ಳೇದಾಗುತ್ತಾ?" ಎಂದು ಕೇಳಿದರು.

ಆ ಪಾದ್ರಿಗಳನ್ನು ನೆನೆದರೆ ಈಗಲೂ ನನಗೆ ಪರಿಚಯದವರನ್ನು ನೆನೆದಂತಾಗುತ್ತದೆ. ಒಬ್ಬೊಬ್ಬರ ಕೈಬರಹಕ್ಕೂ ಒಂದೊಂದು ಹಾಳೆ ಮಾಡಿ, ಇವರು ಎ ಹೇಗೆ ಬರೆಯುತ್ತಾರೆ, ಬಿ ಹೇಗೆ ಬರೆಯುತ್ತಾರೆ ಎಂದು ಅಂಟಿಸಿಕೊಂಡಿದ್ದೆವು. ಒಬ್ಬರು ಸಾಲು ಮುಗಿಯುವ ಹೊತ್ತಿಗೆ ಜಾಗ ಸಾಲದೆ ಅಕ್ಷರಗಳನ್ನು ಒತ್ತುತ್ತಿದ್ದರು. ಇನ್ನೊಬ್ಬರು ಮಳೆ ಬಂದ ದಿನ ಅಂಚಿನಲ್ಲಿ ಮಳೆ ಎಂದು ಬರೆಯುತ್ತಿದ್ದರು. ಮೂವತ್ತು ವರ್ಷ ಬರೆದ ಒಬ್ಬರ ಕೈ ಕೊನೆಕೊನೆಗೆ ನಡುಗಲು ಶುರುವಾಯಿತು. ಗೆರೆ ಅಲುಗಾಡುವುದು ಪುಟದಿಂದ ಪುಟಕ್ಕೆ ಹೆಚ್ಚುತ್ತಾ ಹೋಯಿತು. ಒಂದು ದಿನ ಪುಟ ಮಗುಚಿದರೆ ಎಳೆಯ, ಗಟ್ಟಿಯಾದ ಹೊಸ ಬರಹ. ಆ ಹೊಸಬರು ಬರೆದ ಮೊದಲ ಸಾಲೇ ಆ ಹಳಬರನ್ನು ಹೂಳಿದ್ದು. ನಾನು ಅವತ್ತು ಬೇಗ ಮನೆಗೆ ಬಂದುಬಿಟ್ಟೆ. ಏನಾಯಿತು ಎಂದು ನೀವೆಲ್ಲ ಕೇಳಿದಿರಿ. ಯಾರೋ ಪಾದ್ರಿ ಹೋಗಿಬಿಟ್ಟರು ಎಂದರೆ ನಿಮಗೆ ಏನೆಂದು ಅರ್ಥವಾಗಬೇಕು?

ಇನ್ನು ಲೊರೆಟ್ಟಾ ಅವರ ವಿಷಯ.

ಲೊರೆಟ್ಟಾ ಷಾರ್ಲೆಟ್‌ನ ದಕ್ಷಿಣಕ್ಕೆ, ಬ್ಯಾಲಂಟೈನ್‌ನಲ್ಲಿ ಮಗಳ ಮನೆಯಲ್ಲಿದ್ದರು. ಎಂಬತ್ತು ದಾಟಿತ್ತು. ಅವರ ಮನೆತನದ ಹಳೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಥಾಮಸ್ ಎಂಬ ದೋಣಿಯವನ ಹೆಸರಿತ್ತು, ನಮ್ಮ ಪ್ಯಾರಿಷ್‌ನವನು. ಅವನ ಮಗ ಕರೋಲಿನಾಕ್ಕೆ ಬಂದವನು. ಅದರ ಹಿಂದೆ ಏನೂ ತಿಳಿಯದು. "ನಾನು ಹೋಗೋದರೊಳಗೆ ಥಾಮಸ್ ಯಾರ ಮನೆಯವನು ಅಂತ ಗೊತ್ತಾಗಬೇಕು" ಎಂದು ಅವರು ಬರೆದಿದ್ದರು.

ಇಂಗ್ಲೆಂಡಿನಲ್ಲೂ ಕಚೇರಿಗಳು ಮುಚ್ಚಿದ್ದವು. ನಮಗೆ ಬೇಕಾದ ದಫ್ತರಗಳ ಚಿತ್ರ ಬಂದಿರಲಿಲ್ಲ. ಸಿಕ್ಕಿದ್ದು ಒಂದು ಉಯಿಲು ಮಾತ್ರ. ವಿಲಿಯಂ ಎಂಬವನದು. ಅವನು ಪೈಲಟ್. ಅವರ ಕಡೆ ಪೈಲಟ್ ಎಂದರೆ ಸಣ್ಣ ದೋಣಿಯಲ್ಲಿ ಎದುರು ಹೋಗಿ, ಮರಳದಿಬ್ಬಕ್ಕೆ ಬಡಿಯದಂತೆ ದೊಡ್ಡ ಹಡಗನ್ನು ದಡಕ್ಕೆ ತರುವವನು. ಉಯಿಲಿನಲ್ಲಿ ಅವನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಅವರು ದೊಡ್ಡವರಾದ ಮೇಲೆ ಕೊಡಬೇಕಾದ ವಸ್ತುಗಳನ್ನು ಹೇಳಿ, ತನ್ನ ದೋಣಿಯನ್ನೂ ಕಡಲಗೋಡೆಯ ಬಳಿಯ ಮನೆಯನ್ನೂ ತನ್ನ ಸನ್-ಇನ್-ಲಾ ಥಾಮಸ್‌ಗೆ ಬರೆದಿದ್ದ.

ಅಕ್ಷರ ಒಂದೂ ತಪ್ಪದಂತೆ ಓದಿದೆ. ಸನ್-ಇನ್-ಲಾ ಎಂದರೆ ಅಳಿಯ, ನನಗೂ ಗೊತ್ತಿದ್ದ ಇಂಗ್ಲಿಷ್ ಅದು. ಗಂಡುಮಕ್ಕಳಿಲ್ಲದ ಮನೆ, ಎರಡು ಹೆಣ್ಣು, ಮನೆಯೂ ದೋಣಿಯೂ ಅಳಿಯನಿಗೆ. ಇದನ್ನು ನಮ್ಮ ಊರಿನ ಯಾರಿಗೆ ಹೇಳಿದರೂ ಒಂದೇ ಮಾತು ಅನ್ನುತ್ತಾರೆ: ಮನೆಅಳಿಯ. ಹೆಣ್ಣುಮಕ್ಕಳು ಇನ್ನೂ ದೊಡ್ಡವರಾಗಿಲ್ಲ ಎಂದು ಅದೇ ಉಯಿಲಿನಲ್ಲಿದೆಯಲ್ಲ ಎಂಬುದು ನನ್ನನ್ನು ತಡೆಯಲಿಲ್ಲ. ನಮ್ಮಜ್ಜಿಗೆ ಮದುವೆಯಾದಾಗ ಒಂಬತ್ತು ವರ್ಷ. ಚಿಕ್ಕ ಹುಡುಗಿಗೆ ಗಂಡನಿರುವುದು ನನ್ನ ಕಿವಿಗೆ ಹೊಸ ಸಂಗತಿಯಲ್ಲ. ಹಿರಿಯ ಮಗಳು ಮೇರಿಯ ಪಕ್ಕದಲ್ಲಿ ಥಾಮಸ್‌ನನ್ನು ಬರೆದೆ. ಊಹೆಯಿದ್ದಲ್ಲಿ "ಬಹುಶಃ" ಎಂದು ಸೇರಿಸಬೇಕು, ಅದು ಬಾರ್ಬರಾ ಅವರ ಎರಡನೆಯ ನಿಯಮ. ನಾನು ಸೇರಿಸಲಿಲ್ಲ. ಅದು ಊಹೆ ಎಂದೇ ನನಗೆ ಅನ್ನಿಸಿರಲಿಲ್ಲ. ಬಾರ್ಬರಾ ಆಗಷ್ಟೇ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದರು. ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು.

ಲೊರೆಟ್ಟಾಗೆ ಸ್ವರ್ಗ ಮೂರೇ ಗೇಣು. ಹಡಗುಗಳನ್ನು ದಡ ಮುಟ್ಟಿಸಿದ ಪೈಲಟ್ ವಿಲಿಯಂ ತಮ್ಮ ಮೂಲಪುರುಷ ಎಂದು ಊರಿಗೆಲ್ಲ ಹೇಳಿದರು. ಮುಂದಿನ ಬೇಸಿಗೆಯಲ್ಲಿ ಇಡೀ ಕುಟುಂಬ ಸೇರುವುದೆಂದು ನಿಶ್ಚಯವಾಯಿತು. ಕಿರುಹೊತ್ತಿಗೆ ಅಚ್ಚಾಯಿತು. ನಿಮಗೆ ಗೊತ್ತಲ್ಲ, ಈ ದೇಶದಲ್ಲಿ ಕುಟುಂಬ ಸೇರಿದರೆ ಎಲ್ಲರೂ ಒಂದೇ ಟೀ ಶರ್ಟ್ ಹಾಕುತ್ತಾರೆ. ನೀಲಿ ಶರ್ಟು, ದೋಣಿಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ "ಪೈಲಟ್ ವಿಲಿಯಂನ ಬ್ಲಡ್". ಅಂದರೆ ವಿಲಿಯಂನ ರಕ್ತ ನಾವು ಎಂದು.

ಕುಟುಂಬ ಸೇರಲು ಇನ್ನು ಐದು ವಾರವಿತ್ತು. ಬರದೇ ಉಳಿದಿದ್ದ ದಫ್ತರಗಳು ಆಗ ಬಂದವು. ನಾನು ಬೇರೆ ಯಾರದೋ ಕೆಲಸಕ್ಕಾಗಿ ಮದುವೆಗಳ ಪುಟ ಓದುತ್ತಿದ್ದೆ. ವಿಲಿಯಂನ ಮದುವೆ ಸಿಕ್ಕಿತು. ಮದುವೆಯಾದವಳು ವಿಧವೆ. ಅವಳ ಮನೆತನದ ಹೆಸರು ಥಾಮಸ್‌ನದೇ.

ಬಾರ್ಬರಾಗೆ ಏನೂ ಹೇಳದೆ ಹುಡುಕಿದೆ. ಆ ವಿಧವೆಯ ಮಗನೇ ಥಾಮಸ್. ಅವನ ಅಪ್ಪ ಸಮುದ್ರದಲ್ಲಿ ಮುಳುಗಿ ಸತ್ತವನು. ಅದೇ ಆರು ಅಕ್ಷರ, ಡಿ, ಆರ್, ಓ, ಡಬ್ಲ್ಯೂ, ಎನ್, ಡಿ. ತಾಯಿ ವಿಲಿಯಂನನ್ನು ಮದುವೆಯಾದಾಗ ಥಾಮಸ್‌ಗೆ ನಾಲ್ಕು ವರ್ಷ. ಉಯಿಲು ಬರೆದಾಗ ಮೇರಿಗೆ ಬರೀ ಒಂಬತ್ತು. ಆಮೇಲೆ ಥಾಮಸ್ ಮದುವೆಯಾದದ್ದು ಸಾರಾ ಎಂಬ ಬೇರೆ ಹುಡುಗಿಯನ್ನು. ಲೊರೆಟ್ಟಾ ಹುಟ್ಟಿಬಂದದ್ದು ಆ ಸಾರಾಳ ಹೊಟ್ಟೆಯ ಸಂತಾನದಲ್ಲಿ. ವಿಲಿಯಂನ ರಕ್ತದ ಒಂದು ತೊಟ್ಟೂ ಅವರಲ್ಲಿ ಇರಲಿಲ್ಲ.

ಕಾಗದಗಳನ್ನು ನೆಟ್ಟಿನ ಕೆಳಗಿನಿಂದ ಬಾರ್ಬರಾ ಕಡೆ ತಳ್ಳಿದೆ. ಅವರು ಒಂದೊಂದನ್ನೇ ಓದಿ ಮುಂದೆ ಸಾಲಾಗಿ ಜೋಡಿಸಿದರು.

"ಇನ್-ಲಾ" ಎಂದರು ಕೊನೆಗೆ. "ಆ ಕಾಲದಲ್ಲಿ ಹೆಂಡತಿಯ ಮೊದಲ ಗಂಡನ ಮಗನಿಗೂ ಸನ್-ಇನ್-ಲಾ ಅಂತಲೇ ಅಂತಿದ್ರು. ಒಂದೇ ಪದ. ಇದು ನನಗೆ ಗೊತ್ತಿತ್ತು. ನಾನು ನೋಡಬೇಕಿತ್ತು."

ನನಗೂ ಗೊತ್ತಿರಬೇಕಿತ್ತು. ನಮ್ಮಲ್ಲಿ ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯರ ಮಗನೂ ಹೌದು. ನಂಟಿನ ಒಂದೇ ಪದದಲ್ಲಿ ಎರಡು ಮೂರು ಜನ ವಾಸ ಮಾಡುತ್ತಾರೆ ಎಂಬುದು ಚಿಕ್ಕಮ್ಮ ಎನ್ನಿಸಿಕೊಂಡು ಬದುಕಿದ ನನಗಲ್ಲದೆ ಇನ್ನಾರಿಗೆ ತಿಳಿಯಬೇಕು?

"ನಾನು ಫೋನ್ ಮಾಡಿ ಹೇಳ್ತೀನಿ. ಸಹಿ ನನ್ನದು" ಎಂದರು ಬಾರ್ಬರಾ.

"ಬರಹ ನನ್ನದು" ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

ಹೇಳಬೇಕಾದ ಮಾತುಗಳನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಮನೆಯ ಊಟದ ಮೇಜಿನ ಬಳಿ ಕೂತೆ. ನಿಮ್ಮಮ್ಮ ಅಲ್ಲೇ ಕಂಪ್ಯೂಟರ್ ಮುಂದೆ ಕೆಲಸ ಮಾಡುತ್ತಿದ್ದಳು. ನಾನು ಹಾಳೆ ನೋಡಿಕೊಂಡು ಓದಿದೆ. ನಡುವೆ ಒಂದು ಸಾಲು ಎರಡು ಸಲ ಓದಿಬಿಟ್ಟೆ.

"ನನ್ನ ಊಟದ ಕೋಣೆಯಲ್ಲಿ ನೂರು ಶರ್ಟು ಬಂದು ಕೂತಿವೆ, ಡಿಯರ್" ಎಂದರು ಲೊರೆಟ್ಟಾ. ಆಮೇಲೆ, "ಅವನು ನಮಗೆ ಏನೂ ಆಗಬೇಕಿಲ್ಲ ಅಂತೀರಾ?" ಎಂದರು.

"ರಕ್ತದಲ್ಲಿ ಏನೂ ಇಲ್ಲ, ಮ್ಯಾಮ್" ಎಂದೆ.

ಫೋನ್ ಇಟ್ಟರು.

ನಿಮ್ಮಮ್ಮ ಕಂಪ್ಯೂಟರಿನಿಂದ ತಲೆಯೆತ್ತಿ, "ಏನಾಯ್ತು ಚಿಕ್ಕಮ್ಮ?" ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬಂದು ನನ್ನ ಮುಂದಿಟ್ಟಳು.

ಮೂರು ದಿನ ಲೊರೆಟ್ಟಾ ಸುದ್ದಿಯಿಲ್ಲ. ಮುದುಕಿಯ ಕೊನೆಗಾಲದ ಒಂದು ಸಂತೋಷವನ್ನು ಕಿತ್ತುಕೊಂಡೆನಲ್ಲ ಎಂದು ನನಗೆ ಅನ್ನ ರುಚಿಸಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬ ಯೋಚನೆಯೂ ಬಂತು. ಸುಳ್ಳು ಹೇಳುವುದಿಲ್ಲ.

ನಾಲ್ಕನೆಯ ದಿನ ಅವರೇ ಫೋನ್ ಮಾಡಿ ನನ್ನನ್ನೇ ಕೇಳಿದರು.

"ಅವನಿಗೆ ಸ್ವಂತದ್ದು ಎರಡು ಹೆಣ್ಣುಮಕ್ಕಳಿದ್ದವು, ಅಲ್ವಾ?"

"ಹೌದು, ಮ್ಯಾಮ್."

"ಆದ್ರೂ ದೋಣಿ ಆ ಹುಡುಗನಿಗೆ ಕೊಟ್ಟ."

"ದೋಣಿ, ಮನೆ, ಎರಡೂ."

"ಅಪ್ಪನ್ನ ನುಂಗಿದ ಸಮುದ್ರಕ್ಕೆ ಅದೇ ಹುಡುಗನ್ನ ಕರ್ಕೊಂಡು ಹೋಗಿ, ಹೆದರಬೇಡ ಅಂತ ಕಲಿಸಿದಾನೆ." ಆಮೇಲೆ ಅವರ ದನಿ ಗಟ್ಟಿಯಾಯಿತು. "ಶರ್ಟು ವಾಪಸ್ ಕಳಿಸಲ್ಲ ನಾನು. ನೀವು ಬರಬೇಕು. ಬಂದು ನಿಮ್ಮ ಬಾಯಲ್ಲೇ ಹೇಳಬೇಕು."

ನೂರು ಜನರ ಮುಂದೆ! ನಾನು ಹೋಗುವುದಿಲ್ಲವೆಂದು ಕೂತೆ. ನಿಮ್ಮಮ್ಮ ಕೇಳಲಿಲ್ಲ. "ಶನಿವಾರ ಬೆಳಿಗ್ಗೆ ಐದಕ್ಕೆ ಹೊರಡೋಣ. ನಾನು ಡ್ರೈವ್ ಮಾಡ್ತೀನಿ. ನೀವು ಬರೀ ಕೂತ್ಕೊಳ್ಳಿ" ಎಂದಳು. ನೀವಿಬ್ಬರೂ ಆವಾಗ ಕ್ಯಾಂಪಿನಲ್ಲಿದ್ದಿರಿ.

ಷಾರ್ಲೆಟ್‌ನ ಕೆರೆಯ ಪಕ್ಕ ಪಾರ್ಕಿನಲ್ಲಿ ಉದ್ದನೆಯ ಚಪ್ಪರದಂಥದ್ದು. ನೀಲಿ ಶರ್ಟುಗಳ ಜಾತ್ರೆ. ಹತ್ತಿರ ಹೋದಾಗ ಕಂಡಿತು: ಲೊರೆಟ್ಟಾ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು, ಪ್ರತಿ ಶರ್ಟಿನಲ್ಲೂ ಬಟ್ಟೆಗೆ ಬರೆಯುವ ದಪ್ಪ ಪೆನ್ನಿನಿಂದ ತಿದ್ದಿಸಿದ್ದರು. ಬ್ಲಡ್ ಎಂಬುದರ ಬಿ ಅಕ್ಷರವೊಂದನ್ನು ಉಳಿಸಿ, ಉಳಿದದ್ದನ್ನು ಹೊಡೆದು ಹಾಕಿ, ಬೋಟ್ ಎಂದು ಮಾಡಿದ್ದರು. ಪೈಲಟ್ ವಿಲಿಯಂನ ದೋಣಿ. ನೂರು ಶರ್ಟಿನಲ್ಲಿ ನೂರು ಬಗೆಯ ಕೈಬರಹ. ನನಗೆ ಕಣ್ಣು ಕೀಳಲಾಗಲಿಲ್ಲ.

ಊಟಕ್ಕೆ ಕೂತಾಗ ನಿಮ್ಮಮ್ಮ ಕಿವಿಯಲ್ಲಿ, "ಚಿಕ್ಕಮ್ಮ, ಬೀನ್ಸ್ ಮುಟ್ಟಬೇಡಿ, ಅದರಲ್ಲೂ ಹಂದಿ ಹಾಕಿದಾರೆ" ಎಂದಳು. ಜೋಳದ ತೆನೆ ತಿಂದೆ. ಆಮೇಲೆ ಲೊರೆಟ್ಟಾ ನನ್ನ ಕೈ ಹಿಡಿದು ಎಬ್ಬಿಸಿದರು. ನಾನು ಬರೆದುಕೊಂಡು ಹೋದದ್ದನ್ನು ಓದಿದೆ. ಥಾಮಸ್ ಯಾರ ಮಗ, ವಿಲಿಯಂ ಯಾರು, ತಪ್ಪು ಓದಿದವಳು ಯಾರು. ಕೊನೆಯ ಸಾಲಿನಲ್ಲಿ "ಕ್ಷಮಿಸಿ" ಎಂದು ಬರೆದಿದ್ದೆ. ಅದನ್ನು ಓದುವ ಮೊದಲೇ ಲೊರೆಟ್ಟಾ ಕಾಗದ ತೆಗೆದುಕೊಂಡು ಮಡಿಸಿ ಬೈಬಲ್ಲಿನ ಒಳಗೆ ಇಟ್ಟರು.

ಚಪ್ಪರಕ್ಕೆ ಬಂದವರಿಗೆಲ್ಲ ಮೊದಲೇ ಎದೆಗೆ ಅಂಟಿಸಿಕೊಳ್ಳುವ ಚೀಟಿ ಕೊಟ್ಟಿದ್ದರು. ಹೆಸರು ಬರೆದು, ಕೆಳಗೆ ನಂಟು ಬರೆಯಬೇಕು. ನಾನು ನನ್ನ ಹೆಸರು ಬರೆದು ಕೆಳಗಿನ ಗೆರೆ ಖಾಲಿ ಬಿಟ್ಟಿದ್ದೆ. ನಿಮ್ಮಮ್ಮನ ಚೀಟಿ ನಾನು ನೋಡಿರಲಿಲ್ಲ. ಹೊರಡುವಾಗ ನೀಲಿ ಶರ್ಟಿನ ಒಬ್ಬಾಕೆ ಅದನ್ನು ಓದಿ, ನನ್ನ ಕಡೆ ತೋರಿಸಿ, "ಓ, ಇವರ ಮಗನ್ನ ಮದುವೆಯಾಗಿದೀರಾ?" ಎಂದು ಕೇಳಿದರು. ಆಗ ನೋಡಿದೆ. ಸುಧಾ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ, ಡಾಟರ್-ಇನ್-ಲಾ ಎಂದು ಬರೆದುಕೊಂಡಿದ್ದಳು.

"ಇಲ್ಲ" ಎಂದಳು ನಿಮ್ಮಮ್ಮ. "ಹಳೇ ಕಾಲದ ಅರ್ಥದಲ್ಲಿ."

ಮರಳಿ ಬರುವಾಗ ರಿಚ್ಮಂಡ್ ದಾಟುವಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. ಎದುರಿಗೆಲ್ಲ ಕೆಂಪು ದೀಪ. ಇಷ್ಟು ವರ್ಷ ಕೇಳದಿದ್ದನ್ನು ಅಲ್ಲಿ ಕೇಳಿದೆ.

"ನಿನಗೆ ಆ ದಿನ ನೆನಪಿದೆಯಾ? ನಿಮ್ಮತ್ತೆ ನಿನ್ನ ಭುಜ ಹಿಡಿದು, ಹೀಗೆ ಕರೀಬೇಕು ಅಂದಿದ್ದು?"

"ಇದೆ."

"ಆರು ವರ್ಷದ ಮಗು. ನಿನಗೆ ಬೇರೆ ದಾರಿ ಇರಲಿಲ್ಲ."

ಅವಳು ಕಾರನ್ನು ನಾಲ್ಕು ಮಾರು ಮುಂದಕ್ಕೆ ಬಿಟ್ಟು ಮತ್ತೆ ನಿಲ್ಲಿಸಿದಳು.

"ಅತ್ತೆ ಹೇಳಿದ್ದು ಒಂದು ಸಲ, ಅಷ್ಟೇ. ಆಮೇಲೆ ಕರೆದಿದ್ದೆಲ್ಲ ನಾನೇ" ಎಂದಳು. "ಅಕ್ಷರ ಅಕ್ಷರ ಓದ್ತೀನಿ ಅಂತ ಜಂಬ ಪಡ್ತೀರಲ್ಲ, ನಾನು ನಿಮ್ಮನ್ನ ಏನಂತ ಕರೀತೀನೋ ಅದನ್ನ ಒಂದ್ಸಲ ಪೂರ್ತಿ ಓದಿ ನೋಡಿ."

ನಾನು ಕಿಟಕಿಯ ಕಡೆ ತಿರುಗಿ ಮನಸ್ಸಿನಲ್ಲೇ ಓದಿದೆ.

ಈಗ ಕೈಬರಹ ಓದುವ ಯಂತ್ರಗಳು ಬಂದಿವೆ. ಬಾರ್ಬರಾ ಒಂದನ್ನು ತರಿಸಿದ್ದರು. ನಾನು ಒಂದು ದಿನದಲ್ಲಿ ಓದುವುದನ್ನು ಅದು ಒಂದು ಗುಟುಕು ಕಾಫಿಯೊಳಗೆ ಓದಿತು. ವಿಲಿಯಂನ ಉಯಿಲನ್ನೂ ಕೊಟ್ಟು ನೋಡಿದೆವು. ಸನ್-ಇನ್-ಲಾ ಎಂದು ಸರಿಯಾಗಿಯೇ ಓದಿತು, ನಾನೂ ಓದಿದ್ದೆನಲ್ಲ ಹಾಗೆ. ಹೋದ ವರ್ಷ ಬಾರ್ಬರಾ ಮೊಣಕಾಲು ನೋವಿನಿಂದ ಮನೆ ಮಾರಿ ಅಟ್ಲಾಂಟಾದಲ್ಲಿರುವ ಮಗನ ಬಳಿಗೆ ಹೋದರು. ಪಿಂಗ್‌ಪಾಂಗ್ ಮೇಜನ್ನು ಯಾರೋ ಬಂದು ಹೊತ್ತುಕೊಂಡು ಹೋದರು. ನೆಟ್ಟು ಮಾತ್ರ ನನ್ನ ಬಳಿ ಉಳಿದಿದೆ. ಅದನ್ನು ಹಿತ್ತಲಲ್ಲಿ ಅವರೆ ಬಳ್ಳಿಗೆ ಕಟ್ಟಿದ್ದೇನೆ. ಆ ಎರಡು ಚೀಟಿಗಳು ನನ್ನ ಕುಂಕುಮದ ಹಳೆಯ ಡಬ್ಬಿಯಲ್ಲಿವೆ. ಖಾಲಿ ಬಿಟ್ಟಿದ್ದ ಗೆರೆಯನ್ನು ಆಮೇಲೆ ತುಂಬಿದೆ.

ಸುಧಾ, ಇಲ್ಲಿ ಓದುವುದನ್ನು ನಿಲ್ಲಿಸಬೇಡ. ಮಕ್ಕಳು ಕಾಯುತ್ತಿದ್ದಾರೆ, ಇನ್ನು ಎರಡೇ ಸಾಲು.

ಅನನ್ಯಾ, ಕೆಲಸಕ್ಕೆ ಸೇರಿದ ಮೇಲೆ ಯಾವ ಪದ ಕೈಗೆ ಬಂದರೂ ಕೊನೆಯ ಅಕ್ಷರದವರೆಗೂ ಓದು. ಅಮ್ಮ ಎನ್ನುವುದು ಅಲ್ಲೇ ಕೊನೆಯಲ್ಲಿತ್ತು, ನಾನು ಮೂವತ್ತೆಂಟು ವರ್ಷ ಚಿಕ್ಕ ಎನ್ನುವಲ್ಲಿಗೇ ನಿಲ್ಲಿಸಿಬಿಟ್ಟಿದ್ದೆ.